ಮೂರನೆಯ ಸೀಟಿ

ಶ್ರೀಪಾದರಾಯರ ಸಂಸಾರದಲ್ಲಿ ಎದ್ದ ಗದ್ದಲಕ್ಕೆಲ್ಲ ಮೂಲ ಒಂದು ಬಟ್ಟಲು ತೊಗರಿಬೇಳೆ. ದಸರೆಯ ಹಿಂದಿನ ವಾರ, ಒಂದು ಸಂಜೆ, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಶುಭಮಂಗಲ್ ಸೊಸೈಟಿಯ ಬಿ ವಿಂಗಿನ ನಾಲ್ಕನೆಯ ಮಹಡಿಯಲ್ಲಿ ಅದು ಕುಕ್ಕರಿನೊಳಗೇ ಸೀದು ಕರಕಲಾಯಿತು. ಬ್ಯಾಂಕಿನಿಂದ ಬಂದ ರಾಯರನ್ನು ಅದರ ವಾಸನೆ ಲಿಫ್ಟಿನಲ್ಲೇ ಎದುರುಗೊಂಡಿತು.

“ಬ್ಯಾಳಿಗೆ ಮೂರು ಸೀಟಿ ಸಾಕು. ಧಾರವಾಡದಿಂದ ತಂಗಿ ಫೋನ್ ಮಾಡಿದ್ಲು, ಎಣಿಸೋದು ಮರತೆ,” ಎಂದರು ಇಂದುಮತಿ, ಕುಕ್ಕರಿನ ತಳ ಕೆರೆಯುತ್ತ. “ಅದಕ್ಕೇನಾತೀಗ? ಇವತ್ತು ಮೊಸರನ್ನ.”

ಬುದ್ಧಿ ನೆಟ್ಟಗಿದ್ದ ಗಂಡಸಾದರೆ ಮೊಸರನ್ನ ಉಂಡು ಸುಮ್ಮನೆ ಮಲಗುತ್ತಿದ್ದ. ರಾಯರ ಕಣ್ಣುಗಳು ಮಾತ್ರ ಮಿಂಚಿದವು. ಎಷ್ಟೋ ವರ್ಷಗಳಿಂದ ಅವರು ಕಾಯುತ್ತಿದ್ದದ್ದು ಇಂಥದೊಂದು ಸೀದ ಬೇಳೆಗಾಗಿಯೇ.

ಇಲ್ಲಿ ರಾಯರ ಚಟವನ್ನು ಹೇಳಿಬಿಡಬೇಕು. ಎಲೆ ಅಡಿಕೆಯಿಲ್ಲ, ಇಸ್ಪೀಟಿಲ್ಲ. ಆದರೆ ಬಾಲ್ಕನಿಯಲ್ಲೊಂದು ಮೇಜಿತ್ತು. ಅದರ ಮೇಲೆ ತಂತಿ, ಬೋರ್ಡು, ಬೆಸುಗೆ ಹಾಕುವ ಕಬ್ಬಿಣ, ಸತ್ತ ರೇಡಿಯೋಗಳು, ಹೊಟ್ಟೆ ಬಗೆಸಿಕೊಂಡ ಮೊಬೈಲುಗಳು. ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಗಳ ಗೋಪುರ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಮಾಸಪತ್ರಿಕೆಯೊಂದರಲ್ಲಿ ಬಂದ ನಕ್ಷೆ ನೋಡಿ ಅವರು ಕೈಯಾರೆ ಒಂದು ಕಂಪ್ಯೂಟರ್ ಜೋಡಿಸಿದ್ದರು. ಸಾಗವಾನಿ ಕಟ್ಟಿಗೆಯ ಪೆಟ್ಟಿಗೆ, ಮನೆಯ ಟಿ.ವಿ.ಯೇ ಅದರ ಪರದೆ. ಲಗ್ನವಾದ ಹೊಸದರಲ್ಲಿ ಅವರು ಹೆಂಡತಿಯನ್ನು ಟಿ.ವಿ. ಮುಂದೆ ಕೂಡಿಸಿ ಗುಂಡಿ ಒತ್ತಿದಾಗ ಪರದೆಯ ಮೇಲೆ INDUMATI ಎಂದು ಮೂಡಿತ್ತು. ಆ ಪೆಟ್ಟಿಗೆ ಮಾಡಿದ ಕೊನೆಯ ಕೆಲಸವೂ ಅದೇ; ಮರುದಿನ ಸುಟ್ಟು ಹೋಯಿತು. ಹುಬ್ಬಳ್ಳಿ, ಸೊಲ್ಲಾಪುರ, ಸೂರತ್, ಈಗ ಅಹಮದಾಬಾದು, ಹೀಗೆ ಎಲ್ಲಿಗೆ ವರ್ಗವಾದರೂ ಆ ಪೆಟ್ಟಿಗೆ ಮಾತ್ರ ಲಾರಿಯಲ್ಲಿ ಹಾಸಿಗೆಯ ನಡುವೆ ಮೆತ್ತಗೆ ಕೂತು ಬರುತ್ತಿತ್ತು.

ಚಟ ಬರೇ ಮೇಜಿನ ಮೇಲಿದ್ದರೆ ಪರವಾಗಿರಲಿಲ್ಲ. ಅದಕ್ಕೊಂದು ಉಪನ್ಯಾಸವೂ ಇತ್ತು. “ಸಾವಿರದ ಒಂಬೈನೂರ ಎಪ್ಪತ್ತೈದು. ಕ್ಯಾಲಿಫೋರ್ನಿಯಾದಾಗ ಒಂದು ಗ್ಯಾರೇಜು. ಹವ್ಯಾಸಿಗಳೆಲ್ಲ ಕೂಡಿ ತಮ್ಮ ತಮ್ಮ ನಕ್ಷೆ ಒಬ್ಬರಿಗೊಬ್ಬರು ಹಂಚಿಕೊಂಡರು” ಎಂದು ಶುರುವಾಗಿ, ವಿದ್ಯಾರ್ಥಿಗಳಿಗೆ ಅಗ್ಗದ ಬೋರ್ಡು ಸಿಗಲೆಂದು ನಕ್ಷೆಯನ್ನೇ ಜಗತ್ತಿಗೆ ಬಿಟ್ಟುಕೊಟ್ಟ ಇಟಲಿಯ ಮೇಷ್ಟ್ರುಗಳನ್ನು ಹಾದು, “ಯಾರ ಬೇಕಾದ್ರೂ ನೋಡಬಹುದು, ಮಾಡಬಹುದು, ತಿದ್ದಬಹುದು, ಹಂಚಬಹುದು! ಇದು ನಮ್ಮ ಧರ್ಮ!” ಎಂದು ಮುಗಿಯುತ್ತಿತ್ತು. ಹಿಂದಿಯಲ್ಲೂ ಹೇಳುತ್ತಿದ್ದರು, ಮುರುಕು ಗುಜರಾತಿಯಲ್ಲೂ ಹೇಳುತ್ತಿದ್ದರು. ಲಿಫ್ಟಿನಲ್ಲಿ ರಾಯರಿದ್ದರೆ ಬಿ ವಿಂಗಿನ ಮೊಣಕಾಲು ನೋವಿನವರೂ ಮೆಟ್ಟಿಲು ಹತ್ತುತ್ತಿದ್ದರು.

ಇಂಥವರ ಮನೆಯಲ್ಲಿ ಬೇಳೆ ಸೀದರೆ ಕೇಳಬೇಕೇ? ರಾಯರು ವಾರದೊಳಗೆ ಸೀಟಿ ಎಣಿಸುವ ಯಂತ್ರ ಮಾಡಿ ಮುಗಿಸಿದರು. ಶ್ರೀಖಂಡದ ಖಾಲಿ ಡಬ್ಬಿಯಲ್ಲಿ ಒಂದು ಪುಟ್ಟ ಬೋರ್ಡು, ಸೀಟಿ ಕೇಳಲು ಒಂದು ಮೈಕು, ಹೇಳಲು ಒಂದು ಸ್ಪೀಕರು. ಮೂರನೆಯ ಸೀಟಿಗೆ ಡಬ್ಬಿ ಅವರದೇ ಧ್ವನಿಯಲ್ಲಿ ಕೂಗಬೇಕು: “ಇಂದೂ! ಮೂರು ಸೀಟಿ ಆತು! ಗ್ಯಾಸ್ ಬಂದ್ ಮಾಡು!”

ಈ ‘ಇಂದೂ’ ಸುಮ್ಮನೆ ಬಂದದ್ದಲ್ಲ. ಹಳೆಯ ಕಾಲದ ಮನೆತನ. ರಾಯರು ಹೆಂಡತಿಯನ್ನು ಹೆಸರು ಹಿಡಿದು ಕರೆದವರೇ ಅಲ್ಲ. “ಕೇಳಿಸ್ತೇನು?” ಎಂದರೆ ಇಂದುಮತಿ ಓಗೊಡುತ್ತಿದ್ದರು. ಆದರೆ ಡಬ್ಬಿ “ಕೇಳಿಸ್ತೇನು” ಎಂದರೆ ಯಾರಿಗೆ ಹೇಳಿದ್ದೆಂದು ತಿಳಿಯಬೇಕಲ್ಲ! ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ರಾಯರು ಆ ಹೆಸರನ್ನು ರೆಕಾರ್ಡ್ ಮಾಡಿದ್ದರು.

ಧರ್ಮಕ್ಕೆ ಸರಿಯಾಗಿ ನಕ್ಷೆ, ಪ್ರೋಗ್ರಾಮು, ಧ್ವನಿ ಎಲ್ಲವನ್ನೂ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಜೊತೆಗೆ ಉಪನ್ಯಾಸವನ್ನೂ ಹಾಕಿದರು. ಉತ್ತರವಾಗಿ ಎರಡು ಹೆಬ್ಬೆರಳು, ಗುಲಾಬಿ ಹೂವಿನ ಚಿತ್ರವಿದ್ದ ಒಂದು ಶುಭೋದಯ ಬಂದವು.

“ಊರಿಗೆ ಉಪಕಾರಿ, ಮನಿಗೆ ಮಾರಿ,” ಎಂದರು ಇಂದುಮತಿ. “ನಮ್ಮ ಮನ್ಯಾಗ ಇನ್ನೂ ಒಂದು ದಿನಾನೂ ಅದು ಸರಿಯಾಗಿ ಎಣಿಸಿಲ್ಲ. ಆಗಲೇ ಊರಿಗೆ ಹಂಚಿದ್ರಿ.”

ಮಾತು ಸುಳ್ಳಲ್ಲ. ಡಬ್ಬಿ ಒಂದು ದಿನ ಎರಡನೆಯ ಸೀಟಿಗೆ ಕೂಗಿತು, ಮರುದಿನ ಆರನೆಯದಕ್ಕೆ ಕೂಗಿತು. ರಾಯರು ರಾತ್ರಿಯೆಲ್ಲ ತಿದ್ದಿದರು. ಹದಿನೈದು ದಿನದಲ್ಲಿ ಬೆಸುಗೆಯ ತಂತಿಯ ಸುರುಳಿ ಎಂದೂ ಇಲ್ಲದಷ್ಟು ಬೇಗ ತೀರಿತು; ತಮ್ಮ ದುಡಿಮೆಗೆ ತಾವೇ ಬೆರಗಾದರು.

ಅಷ್ಟರಲ್ಲಿ ದೀಪಾವಳಿ ಬಂತು. ಗುಜರಾತಿನಲ್ಲಿ ದೀಪಾವಳಿಗೆ ಮೊದಲು ಬರುವುದು ಲಕ್ಷ್ಮಿಯಲ್ಲ, ಪೊರಕೆ. ಮನೆಮನೆಯ ಫ್ಯಾನು, ಗೋಡೆ, ಅಟ್ಟ ಎಲ್ಲ ತೊಳೆದು, ಬೇಡದ್ದನ್ನೆಲ್ಲ ಕೆಳಗಿಳಿಸಿ ಭಂಗಾರದವನ ಗಾಡಿಗೆ ತುಂಬುತ್ತಾರೆ. ಹಳೆಯ ಸಾಮಾನು ಕೊಳ್ಳುವ ಈ ಭಂಗಾರದವನ ದಾರಿ ಕಾಯುವಷ್ಟು ಅಳಿಯನ ದಾರಿಯನ್ನೂ ಕಾಯುವುದಿಲ್ಲ. ಬಿ ವಿಂಗಿಗೆ ಅವನು ಬರುವುದು ಶನಿವಾರ ಸಂಜೆ ಐದಕ್ಕೆಂದು ನಿಶ್ಚಯವಾಗಿತ್ತು.

“ಶನಿವಾರ ಮಧ್ಯಾಹ್ನ ವಡೋದರಾದಿಂದ ಮೇದಿನಿ ವೈನಿ ಊಟಕ್ಕ ಬರ್ತಾಳ,” ಎಂದರು ಇಂದುಮತಿ. ಮೇದಿನಿ ಎಂದರೆ ಅವರ ಅಣ್ಣನ ಹೆಂಡತಿ; ಅಣ್ಣ ಅಲ್ಲಿಯ ರಿಫೈನರಿಯಲ್ಲಿದ್ದ. “ಅವತ್ತು ನಿಮ್ಮ ಡಬ್ಬಿ ಮೂರು ಸೀಟಿ ಸರಿಯಾಗಿ ಎಣಿಸಿದ್ರ ಬಾಲ್ಕನ್ಯಾಗಿನ ಸಾಮಾನು ಉಳೀತು. ಇಲ್ಲಾ, ಐದಕ್ಕ ಎಲ್ಲಾ ಭಂಗಾರದಾಂವಗ. ಒಪ್ಪಿಗಿ ಏನು?”

“ಎಲ್ಲಾ ಅಂದ್ರ?”

“ಎಲ್ಲಾ ಅಂದ್ರ ಎಲ್ಲಾ.”

ರಾಯರು ಎದೆಯುಬ್ಬಿಸಿ ಒಪ್ಪಿಕೊಂಡರು. ಆಮೇಲೆ ಬಾಲ್ಕನಿಗೆ ಹೋಗಿ ಸಾಗವಾನಿ ಪೆಟ್ಟಿಗೆಯ ಮೇಲೆ ಕೈಯಾಡಿಸಿ ಬಂದರು. ಜೀವ ಹಿಡಿಯಷ್ಟಾಗಿತ್ತು.

ಶನಿವಾರ ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ಡಬ್ಬಿಗೂ ಒಂದು ಕುಂಕುಮದ ಬೊಟ್ಟಿಟ್ಟು, ರಾಯರು ಅದನ್ನು ಒಲೆಯ ಪಕ್ಕದಲ್ಲಿಟ್ಟರು. ಇಂದುಮತಿ ಬೇಳೆ ತೊಳೆಯುತ್ತಿದ್ದರು. ಆಗಲೇ ಡಬ್ಬಿ ಅರಚಿತು.

“ಇಂದೂ! ಮೂರು ಸೀಟಿ ಆತು! ಗ್ಯಾಸ್ ಬಂದ್ ಮಾಡು!”

“ಅಲ್ರೀ, ನಾ ಇನ್ನೂ ಒಲಿನ ಹಚ್ಚಿಲ್ಲ!”

ರಾಯರು ಕಿಟಕಿಯಿಂದ ಬಗ್ಗಿ ನೋಡಿದರು. ಕೆಳಗೆ ವಾಚ್‌ಮನ್ ಪೀಪಿ ಊದಿ ಊದಿ ಯಾರದೋ ಕಾರನ್ನು ಹಿಂದೆ ಸರಿಸಿ ನಿಲ್ಲಿಸುತ್ತಿದ್ದ. ಕೆಳಗಿಳಿದು ಹೋಗಿ, ಇವತ್ತೊಂದು ದಿನ ಪೀಪಿ ಊದಬೇಡಪ್ಪ, ಕೈಸನ್ನೆ ಮಾಡು ಎಂದು ಬೇಡಿಕೊಂಡು ಬಂದರು. ಬರುವಷ್ಟರಲ್ಲಿ ಡಬ್ಬಿ ಮತ್ತೆ ಕೂಗಿ ಮುಗಿಸಿತ್ತು. ಈ ಸಲ ಎದುರು ಮನೆಯ ಅರ್ಪಿತಾಬೆನ್ ಕುಕ್ಕರು. ಅಡಿಗೆಮನೆಗಳ ಹಿಂದಿನ ಗಾಳಿಕಿಂಡಿ ಏಳೂ ಮಹಡಿಗೆ ಒಂದೇ ಆದ್ದರಿಂದ, ಎಲ್ಲರ ಸೀಟಿಯೂ ಎಲ್ಲರ ಮನೆಯಲ್ಲಿ ಕೇಳುತ್ತಿತ್ತು. ಮನುಷ್ಯರ ಕಿವಿಗೆ ತಮ್ಮ ಕುಕ್ಕರು ಯಾವುದೆಂದು ಗೊತ್ತಾಗುತ್ತದೆ. ಡಬ್ಬಿಗೆ ಎಲ್ಲ ಕುಕ್ಕರೂ ಒಂದೇ, ಸಮದರ್ಶಿ.

“ಇದಕ್ಕೊಂದೇ ಉಪಾಯ,” ಎಂದು ರಾಯರು ಎದುರು ಮನೆಯ ಗಂಟೆ ಒತ್ತಿದರು.

ಬಾಗಿಲು ತೆಗೆದವರು ಮಂಥನ್‌ಭಾಯಿ. ಸೊಸೈಟಿಯ ಸೆಕ್ರೆಟರಿ, ಪ್ಲಾಸ್ಟಿಕ್ ಡಬ್ಬಿಗಳ ವ್ಯಾಪಾರ, ಯಾರಿಗೆ ಏನು ಕಷ್ಟ ಬಂದರೂ ಅದನ್ನು ಇಮ್ಮಡಿ ಮಾಡಿಯೇ ಬಿಡುವಷ್ಟು ಪರೋಪಕಾರಿ. ಅವರು ಮಾತಾಡುವುದು ಅರ್ಧ ಗುಜರಾತಿ, ಅರ್ಧ ಹಿಂದಿ. ನಾವು ಕನ್ನಡದಲ್ಲೇ ಕೇಳೋಣ.

“ಆವೋ, ಶ್ರೀಪಾದಭಾಯಿ! ಕ್ಯಾಲಿಫೋರ್ನಿಯಾ ವಿಷಯವಾದರೆ ನಾನು ಈಗ ಹೊರಗೆ ಹೊರಟಿದ್ದೇನೆ.”

“ಅದಲ್ಲ, ಭಾಯಿ. ಹನ್ನೊಂದರಿಂದ ಹನ್ನೆರಡರ ತನಕ ನಿಮ್ಮ ಮನೆಯಲ್ಲಿ ಕುಕ್ಕರ್ ಇಡದಿದ್ದರೆ ಉಪಕಾರವಾಗುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ನಾನೇ ಹೋಗಿ ಹೇಳುತ್ತೇನೆ.”

“ನೀವ್ಯಾಕೆ ಹೋಗಬೇಕು? ನಾನು ಯಾಕಿದ್ದೇನೆ?” ಎಂದು ಮಂಥನ್‌ಭಾಯಿ ಅಲ್ಲೇ ಮೊಬೈಲು ತೆಗೆದು ಗುಂಪಿಗೆ ಬರೆದರು: ಬಿ ವಿಂಗಿನವರು ಹನ್ನೊಂದರಿಂದ ಹನ್ನೆರಡರವರೆಗೆ ಗ್ಯಾಸಿನ ಮೇಲೆ ಕುಕ್ಕರ್ ಇಡಬಾರದು, ತುಂಬ ಮುಖ್ಯ. ಕಾರಣವನ್ನೂ ಬರೆಯಬೇಕೆಂದಿದ್ದರು. ಅಷ್ಟರಲ್ಲಿ ಅವರಿಗೊಂದು ಫೋನ್ ಬಂತು, ಚಪ್ಪಲಿ ಮೆಟ್ಟಿ ಹೋದರು.

ಅಲ್ಲಿಂದ ಮುಂದಿನದು ಗಾಳಿ ಸುದ್ದಿ. ಎರಡನೆಯ ಮಹಡಿಯವರು, ಯಾಕೆ, ಗ್ಯಾಸಿಗೇನಾಗಿದೆ ಎಂದು ಕೇಳಿದರು. ಐದನೆಯ ಮಹಡಿಯವರು, ಏನಾದರೂ ಆಗಿರಲೇಬೇಕು ಎಂದರು. ಆರನೆಯ ಮಹಡಿಯವರಿಗೆ ವಾಸನೆಯೇ ಬಂದುಬಿಟ್ಟಿತು. ಏಳನೆಯ ಮಹಡಿಯ ನಿವೃತ್ತರೊಬ್ಬರು ಬೆಳಗಿನಿಂದ ಮಾಡಲು ಕೆಲಸವಿಲ್ಲದೆ ಕೂತಿದ್ದರು. ನೇರವಾಗಿ ಗ್ಯಾಸಿನ ಪೈಪಿನವರ ತುರ್ತು ನಂಬರಿಗೆ ಫೋನ್ ಮಾಡಿ, ಕಟ್ಟಡವೇ ಇನ್ನೇನು ಹಾರಿಹೋಗುತ್ತದೆ ಎಂಬ ಧಾಟಿಯಲ್ಲಿ ಹೇಳಿದರು. ಆ ಕಡೆಯವರು, ಮೊದಲು ದೊಡ್ಡ ವಾಲ್ವ್ ಮುಚ್ಚಿ, ನಾವು ಬಂದು ನೋಡುವ ತನಕ ತೆರೆಯಬೇಡಿ ಎಂದರು. ವಾಚ್‌ಮನ್‌ಗೆ ಬೆಳಗಿನಿಂದ ಪೀಪಿಯೂ ಇರಲಿಲ್ಲ. ಸಿಕ್ಕ ಕೆಲಸವನ್ನು ಉತ್ಸಾಹದಿಂದ ಮಾಡಿ, ವಾಲ್ವ್ ತಿರುಗಿಸಿಬಿಟ್ಟ.

ಇದೊಂದೂ ಗೊತ್ತಿಲ್ಲದ ರಾಯರು ಅಡಿಗೆಮನೆಯಲ್ಲಿ ಡಬ್ಬಿಯೆದುರು ಕೈ ಕಟ್ಟಿ ನಿಂತಿದ್ದರು. ಕುಕ್ಕರು ಒಲೆಯ ಮೇಲಿತ್ತು. ಎಂಥ ಶಾಂತಿ! ಗಾಳಿಕಿಂಡಿಯಲ್ಲಿ ಒಂದು ಪಾರಿವಾಳದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ನೋಡಿದ್ಯಾ? ಈಗ ಬರೋ ಸೀಟಿ ನಮ್ಮದs.”

“ಸೀಟಿ ಬರಲಿಕ್ಕೆ ಬೆಂಕಿ ಬೇಕ್ರೀ,” ಎಂದರು ಇಂದುಮತಿ. ರಾಯರು ಬಗ್ಗಿ ನೋಡಿದರು. ಒಲೆ ಆರಿ ತಣ್ಣಗಾಗಿತ್ತು.

ಅದೇ ಹೊತ್ತಿಗೆ ಬಾಗಿಲ ಗಂಟೆ. ಹೊರಗೆ ಮೇದಿನಿ ವೈನಿ, ಕೈಯಲ್ಲಿ ಒಂದು ದೊಡ್ಡ ಖಾಲಿ ಚೀಲ. ಅವರ ಹಿಂದೆ ಬಿ ವಿಂಗಿನ ಅರ್ಧ ಹೆಂಗಸರು, ಕೆಲವರ ಕೈಯಲ್ಲಿ ಬೇಯದ ಕುಕ್ಕರು. ಎಲ್ಲರ ಹಿಂದೆ ಮಂಥನ್‌ಭಾಯಿ, ಬೆವರು ಒರೆಸಿಕೊಳ್ಳುತ್ತ.

“ಶ್ರೀಪಾದಭಾಯಿ, ಸ್ವಲ್ಪ ಎಡವಟ್ಟಾಗಿದೆ.”

“ನಿಮ್ಮ ಕಾಲಾಗ ಇಡೀ ವಿಂಗಿಗೆ ಉಪವಾಸಾತಂತ ಕೇಳ್ದೆ, ರಾಯರ!” ಎಂದರು ಮೇದಿನಿ, ನಗು ತಡೆಯಲಾರದೆ. “ಇವತ್ತು ಏಕಾದಶಿ ಸುದ್ದಾ ಅಲ್ಲ.”

ಗ್ಯಾಸಿನವರು ದಾರಿಯಲ್ಲಿದ್ದಾರೆ, ಬರಲು ಹೊತ್ತಾಗುತ್ತದೆ ಎಂದು ತಿಳಿಯಿತು. ರಾಯರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಹೆಂಡತಿಯ ಮುಖ ನೋಡಲು ಧೈರ್ಯವಿಲ್ಲದೆ ಓರೆಗಣ್ಣಿನಲ್ಲಿ ನೋಡಿದರೆ, ಆಶ್ಚರ್ಯ! ಇಂದುಮತಿ ಸಿಟ್ಟಾಗಿರಲಿಲ್ಲ. ಅರ್ಪಿತಾಬೆನ್ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದರು. ಇಬ್ಬರ ತೋರುಬೆರಳಿಗೂ ಒಂದೊಂದು ಸಣ್ಣ ಬಟ್ಟೆಯ ಪಟ್ಟಿ ಸುತ್ತಿತ್ತು. ಹೆಂಡತಿಯ ಬೆರಳು ಮೊನ್ನೆ ತವೆ ತಗುಲಿ ಸುಟ್ಟದ್ದೆಂದು ರಾಯರಿಗೆ ಗೊತ್ತಿತ್ತು. ಪಾಪ, ಈಕೆಗೂ ತವೆ ತಗುಲಿರಬೇಕು ಅಂದುಕೊಂಡರು.

ಆಪತ್ತಿಗೆ ಒದಗಿದವರು ನಾರಾಯಣ ಶೆಟ್ಟರು. ಮುಂದಿನ ಚೌಕದಲ್ಲಿ ಅವರದು ಉಡುಪಿ ಹೋಟೆಲು. ರಾಯರು ಫೋನಿನಲ್ಲಿ ಸಂಕಟ ತೋಡಿಕೊಂಡರು.

“ಎಂತ ಮಾರಾಯ್ರೆ, ಡಬ್ಬಿ ಒಂದು ಮಾಡ್ಲಿಕ್ಕೆ ಹೋಗಿ ಇಡೀ ಬಿಲ್ಡಿಂಗಿನ ಗ್ಯಾಸ್ ತೆಗೆಸಿದ್ರಾ!” ಎಂದು ಶೆಟ್ಟರು ಹೊಟ್ಟೆ ತುಂಬ ನಕ್ಕರು. “ಹೆದರ್ಬೇಡಿ ಆಯ್ತಾ. ಇಡ್ಲಿ, ವಡೆ, ಸಾಂಬಾರ್ ಎಲ್ಲ ಕಳಿಸ್ತೇನೆ. ಆದ್ರೆ ಆ ಡಬ್ಬಿಯನ್ನು ನಮ್ಮ ಹೋಟ್ಲಿಗೆ ಮಾತ್ರ ತರ್ಬೇಡಿ, ನಿಮ್ಮ ಕಾಲಿಗೆ ಬೀಳ್ತೇನೆ.”

ಇಡ್ಲಿ ವಡೆ ಬಂದವು. ನಾಲ್ಕನೆಯ ಮಹಡಿಯ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಸಾಂಬಾರಿಗೆ ಬೆಲ್ಲ ಕಡಿಮೆಯಾಯಿತೆಂಬ ಒಂದು ದೂರು ಬಿಟ್ಟರೆ ಊಟ ಹಬ್ಬದ ಹಾಗೆ ನಡೆಯಿತು. ಏಳನೆಯ ಮಹಡಿಯ ನಿವೃತ್ತರು ಮೂರು ಸಲ ವಡೆ ಹಾಕಿಸಿಕೊಂಡು, ಇಂಥ ಗ್ಯಾಸ್ ಸೋರಿಕೆ ತಿಂಗಳಿಗೊಮ್ಮೆ ಆಗಬೇಕು ಎಂದರು. ರಾಯರ ತಟ್ಟೆಯಲ್ಲಿ ಮಾತ್ರ ವಡೆ ಹಾಗೇ ಉಳಿದಿತ್ತು. ಅವರ ಕಣ್ಣು ಗಡಿಯಾರಕ್ಕೂ ಬಾಲ್ಕನಿಗೂ ಓಡಾಡುತ್ತಿತ್ತು.

ಊಟ ಮುಗಿದ ಮೇಲೆ ಗ್ಯಾಸಿನವರು ಬಂದರು. ಮೂಸುವ ಯಂತ್ರ ಹಿಡಿದು ಏಳೂ ಮಹಡಿ ಹತ್ತಿ ಇಳಿದು, ಎಲ್ಲೂ ಏನೂ ಇಲ್ಲವೆಂದು ಹೇಳಿ, ವಾಲ್ವ್ ತೆರೆದು ಹೋದರು.

“ವೈನಿ ಇನ್ನೂ ಇದ್ದಾಳ, ಐದೂ ಆಗಿಲ್ಲ,” ಎಂದರು ಇಂದುಮತಿ. “ರಾತ್ರಿ ಹುಳಿಗೆ ಬ್ಯಾಳಿ ಇಡ್ತೀನಿ. ಆಮ್ಯಾಲೆ, ನನಗ ಅವಕಾಶ ಕೊಡಲಿಲ್ಲ ಅನಬ್ಯಾಡ್ರಿ.”

ರಾಯರಿಗೆ ಹೋದ ಜೀವ ಬಂದಂತಾಯಿತು. ಡಬ್ಬಿಯನ್ನು ಕುಕ್ಕರಿಗೆ ಇನ್ನೂ ಹತ್ತಿರ ಸರಿಸಿ, ಅಳಿಸಿಹೋಗಿದ್ದ ಕುಂಕುಮವನ್ನು ಮತ್ತೆ ಹಚ್ಚಿದರು. ಇಂದುಮತಿ ಒಲೆ ಹೊತ್ತಿಸಿದರು. ಮೇದಿನಿ ಪಂಚರ ಹಾಗೆ ಸ್ಟೂಲಿನ ಮೇಲೆ ಕೂತರು.

ರಾಯರು ಮರೆತದ್ದು ಒಂದೇ ಸಂಗತಿ. ಗ್ಯಾಸು ಅವರೊಬ್ಬರಿಗೇ ಬಂದಿರಲಿಲ್ಲ. ಬೆಳಗಿನಿಂದ ಕುಕ್ಕರು ತುಂಬಿಟ್ಟುಕೊಂಡು ಕೂತಿದ್ದ ಬಿ ವಿಂಗಿನ ಮನೆಗಳೆಲ್ಲ ಒಂದೇ ಗಳಿಗೆಗೆ ಒಲೆ ಹಚ್ಚಿದ್ದವು. ಸ್ವಲ್ಪ ಹೊತ್ತಿಗೆ ಗಾಳಿಕಿಂಡಿಯಲ್ಲಿ ಮೇಲಿಂದ, ಕೆಳಗಿಂದ, ಎದುರಿಂದ ಸೀಟಿಗಳ ಸುರಿಮಳೆ. ರೈಲ್ವೆ ಯಾರ್ಡಿನಲ್ಲೂ ಇಷ್ಟು ಸೀಟಿ ಕೇಳದು. ರಾಯರ ಕುಕ್ಕರು ಇನ್ನೂ ಉಸಿರೇ ಎಳೆದಿರಲಿಲ್ಲ.

“ಇಂದೂ! ಮೂರು ಸೀಟಿ ಆತು! ಗ್ಯಾಸ್ ಬಂದ್ ಮಾಡು! ಇಂದೂ! ಮೂರು ಸೀಟಿ ಆತು! ಇಂದೂ! ಇಂದೂ!”

ರಾಯರು ಡಬ್ಬಿಯ ಬಾಯಿ ಮುಚ್ಚಿದರು, ಮಗುಚಿ ಹಾಕಿದರು, ಕೊನೆಗೆ ಬ್ಯಾಟರಿ ಕಿತ್ತರು. ಡಬ್ಬಿ ಸುಮ್ಮನಾಯಿತು.

“ಮುಗೀತು,” ಎಂದು ರಾಯರು ತಲೆ ತಗ್ಗಿಸಿದರು. “ಸೋತೆ. ಭಂಗಾರದಾಂವಗ ಹೇಳಿಬಿಡು.”

ಆಗ, ಬ್ಯಾಟರಿ ರಾಯರ ಕೈಯಲ್ಲಿರುವಾಗಲೇ, ಗಾಳಿಕಿಂಡಿಯ ಮೇಲಿನಿಂದ ಒಂದು ಧ್ವನಿ ಇಳಿದು ಬಂತು: “ಇಂದೂ! ಮೂರು ಸೀಟಿ ಆತು! ಗ್ಯಾಸ್ ಬಂದ್ ಮಾಡು!”

ರಾಯರು ಕಿಂಡಿಗೆ ತಲೆ ಹಾಕಿದರು. ಅದು ಅವರದೇ ಧ್ವನಿ. ಹಿಂದೆಯೇ ಕೆಳಗಿನ ಮಹಡಿಯಿಂದ ಇನ್ನೊಂದು. ಆಮೇಲೆ ಎದುರು ಮನೆಯಿಂದ. ಎಲ್ಲ ಒಂದೇ ಸಲವಲ್ಲ. ಯಾರ ಕುಕ್ಕರಿಗೆ ಮೂರಾಯಿತೋ ಅವರ ಮನೆಯಿಂದ, ಒಂದಾದ ಮೇಲೆ ಒಂದು, ಚೊಕ್ಕವಾಗಿ. ತಪ್ಪಿಲ್ಲ, ತಡವಿಲ್ಲ. ಬಿ ವಿಂಗಿನ ಅಡಿಗೆಮನೆ ಅಡಿಗೆಮನೆಯಲ್ಲೂ ಶ್ರೀಪಾದರಾಯರು ನಿಂತು ತಮ್ಮ ಹೆಂಡತಿಯನ್ನು ಹೆಸರು ಹಿಡಿದು ಕೂಗುತ್ತಿದ್ದರು.

ರಾಯರು ಬರಿಗಾಲಲ್ಲೇ ಎದುರು ಮನೆಗೆ ಓಡಿದರು. ಅರ್ಪಿತಾಬೆನ್ ಆಗಷ್ಟೇ ಒಲೆ ಆರಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಒಲೆಯ ಪಕ್ಕದಲ್ಲಿ ಒಂದು ಚೆಂದದ ಗುಲಾಬಿ ಡಬ್ಬಿ. ಅದರಿಂದ ಹೊರಟ ಸಣ್ಣ ತಂತಿಯ ತುದಿಯಲ್ಲಿ ನಾಣ್ಯದಷ್ಟಗಲದ ಒಂದು ಹಿತ್ತಾಳೆ ಬಿಲ್ಲೆ, ಒಲೆಯ ಚೌಕಟ್ಟಿಗೆ ಅಂಟಿಕೊಂಡಿತ್ತು.

ರಾಯರಿಗೆ ನೋಡಿದೊಡನೆ ತಿಳಿಯಿತು. ಸೀಟಿ ಹೊಡೆಯುವಾಗ ಕುಕ್ಕರು ನಡುಗುತ್ತದೆ; ಒಲೆಯೂ ನಡುಗುತ್ತದೆ. ಇದು ಸೀಟಿಯನ್ನು ಕೇಳುವುದೇ ಇಲ್ಲ, ನಡುಕವನ್ನು ಎಣಿಸುತ್ತದೆ. ಪಕ್ಕದ ಮನೆಯ ಕುಕ್ಕರು ಎಷ್ಟೇ ಅರಚಿದರೂ ಇದಕ್ಕೆ ಲೆಕ್ಕವಿಲ್ಲ. ಎಷ್ಟು ಸರಳ! ಹದಿನೈದು ದಿನ ಒದ್ದಾಡಿದರೂ ತಮಗಿದು ಹೊಳೆಯಲಿಲ್ಲವಲ್ಲ!

“ಬೆನ್! ಇದು ನನ್ನ ನಕ್ಷೆ!” ಎಂದರು ರಾಯರು. ಹಾಗೆಂದದ್ದು ಸಿಟ್ಟಿನಿಂದಲ್ಲ, ಸಂತೋಷದಿಂದ. ಜೀವಮಾನದಲ್ಲಿ ಮೊದಲ ಸಲ ಯಾರೋ ಅವರ ನಕ್ಷೆ ನೋಡಿದ್ದರು, ಮಾಡಿದ್ದರು, ತಿದ್ದಿದ್ದರು, ಹಂಚಿದ್ದರು. “ನಮ್ಮ ಧರ್ಮ ಗೆದ್ದಿತು! ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ…”

“ಗೊತ್ತು, ಕ್ಯಾಲಿಫೋರ್ನಿಯಾದ ಗ್ಯಾರೇಜು,” ಎಂದರು ಅರ್ಪಿತಾಬೆನ್.

“ಯಾರು ಮಾಡಿದ್ದು ಇದನ್ನು? ಯಾರಾ ಮಹಾನುಭಾವ? ಅವರ ಕೈ ಕುಲುಕಬೇಕು!”

“ನಿಮಗೆ ಗೊತ್ತಿಲ್ಲವೇ?” ಅರ್ಪಿತಾಬೆನ್ ಬೆರಳಿನ ಪಟ್ಟಿ ಸರಿಮಾಡಿಕೊಂಡು ನಕ್ಕರು. “ನಮಗೆಲ್ಲ ಹೇಳಿಕೊಟ್ಟದ್ದು ಇಂದುಬೆನ್.”

ರಾಯರು ಮನೆಗೆ ಬಂದಾಗ ಇಂದುಮತಿ ಬಾಲ್ಕನಿಯಲ್ಲಿ, ಅವರ ಮೇಜಿನ ಮುಂದೆ, ಅವರ ಕುರ್ಚಿಯಲ್ಲಿ ಕನ್ನಡಕ ಏರಿಸಿ ಕೂತಿದ್ದರು. ಮೇದಿನಿಯ ಚೀಲ ಬಾಯಿ ತೆರೆದಿತ್ತು. ಅದರೊಳಗೆ ಒಂದೊಂದಾಗಿ ಗುಲಾಬಿ ಡಬ್ಬಿಗಳು ಇಳಿಯುತ್ತಿದ್ದವು.

“ವಡೋದರಾದಾಗ ನಮ್ಮ ಭಜನಾ ಮಂಡಳಿಯವರೆಲ್ಲ ಕೇಳ್ಯಾರ, ರಾಯರ,” ಎಂದರು ಮೇದಿನಿ. “ನಾ ಬಂದದ್ದs ಇದಕ್ಕ. ಊಟಕ್ಕ ಅಂತ ತಿಳದಿದ್ರೇನು?”

ರಾಯರು ಸ್ಟೂಲಿನ ಮೇಲೆ ಕೂತರು. “ನೀನಾ? ಯಾವಾಗ?”

“ನೀವು ಬ್ಯಾಂಕಿಗೆ ಹೋದ ಮ್ಯಾಲೆ. ದಿನಾ ಮಧ್ಯಾಹ್ನ. ನೀವು ಮನ್ಯಾಗಿದ್ದಾಗ ಯಾರೂ ಡಬ್ಬಿ ಚಾಲೂ ಮಾಡಬಾರದಂತ ಇತ್ತು, ಇವತ್ತ ಬಿಟ್ಟೆ. ಮೂವತ್ತು ವರ್ಷ ನಿಮ್ಮ ಮಗ್ಗಲದಾಗ ಕೂತು ನೋಡೇನಿ, ಒಂದಿಷ್ಟರ ಬರಬ್ಯಾಡೇನು? ಡಬ್ಬಿ ಮಂಥನ್‌ಭಾಯಿ ಅಂಗಡಿಯಿಂದ ಅರ್ಪಿತಾ ತಂದ್ಲು. ಒಲಿ ನಡುಗೋದು ಹಿಡಿದದ್ದು ನಾನ. ಒಲಿ ಮುಂದ ನಿಂತವರಿಗೆ ಗೊತ್ತಾಗ್ತದ, ನಿಮಗ ಹೆಂಗ ಗೊತ್ತಾಗಬೇಕು?”

“ಹಂಗಾರ ಇದು ಮೊದಲ ಸರಿಯಾಗಿತ್ತಲ್ಲ! ಮತ್ತ ನನ್ನ ಜೋಡಿ ಪಂದ್ಯಾ ಯಾಕ ಕಟ್ಟಿದಿ?”

“ಸೋಲೋ ಪಂದ್ಯಾ ಯಾರರ ಕಟ್ತಾರೇನ್ರೀ?” ಎಂದರು ಇಂದುಮತಿ ಶಾಂತವಾಗಿ. “ನನಗ ಜಾಗಾ ಸಾಲವಲ್ಲದಾಗಿತ್ತು. ಮುಂದಿನ ವಾರ ಸೂರತ್ತಿಂದ ಕೇಳ್ಯಾರ. ಮೇಜು ಇರ್ತದ. ನಿಮ್ಮ ಸತ್ತ ರೇಡಿಯೋ, ರಟ್ಟಿನ ಪೆಟ್ಟಿಗಿ ಅಷ್ಟ ಹೋಗ್ತಾವ.”

ರಾಯರು ಬಾಯಿ ತೆರೆದರು.

“ಏನೂ ಅನಬ್ಯಾಡ್ರಿ. ಯಾರ ಬೇಕಾದ್ರೂ ಮಾಡಬಹುದು, ತಿದ್ದಬಹುದು, ಹಂಚಬಹುದು. ಯಾರ ಧರ್ಮ ಇದು?”

ರಾಯರು ಒಂದು ಗುಲಾಬಿ ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಎಲ್ಲಾ ತಿದ್ದೀದಿ. ಆ ಧ್ವನಿ ಯಾಕ ಬಿಟ್ಟಿ? ಗುಜರಾತಿ ಮಂದಿಗೆ ತಿಳೀತದೇನು?”

“ಸೀಟಿ ತಿಳೀತದ, ಗ್ಯಾಸ್ ಬಂದ್ ತಿಳೀತದ. ಇನ್ನೇನು ಬೇಕು?” ಇಂದುಮತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಲಗ್ನಾದಾಗ ಒಮ್ಮೆ ಟಿ.ವಿ. ಮ್ಯಾಲೆ ನನ್ನ ಹೆಸರು ಬರದು ತೋರಿಸಿದ್ರಿ. ಬಾಯಿಲೆ ಅಂದದ್ದು ಇದs ಮೊದಲ್ನೇ ಸಲ. ಅದನ್ನ ಹೆಂಗ ತಗೀಲಿ? ನನಗ ಛಲೋ ಅನಸ್ತದ.”

ಮೇದಿನಿ ಬಾಲ್ಕನಿಯ ಹೊರಗೆ ನೋಡಿದರು. ರಾಯರ ಕಿವಿ ಕೆಂಪಾದವು. ಸೋತ ದುಃಖ ಎಲ್ಲಿ ಹೋಯಿತೋ ಏನೋ, ಹುಡುಕಿದರೂ ಸಿಗಲಿಲ್ಲ.

ಭಂಗಾರದವನು ಹೇಳಿದ ಹೊತ್ತಿಗೆ ಬಂದ. ರೇಡಿಯೋಗಳು, ಮೊಬೈಲುಗಳು, ರಟ್ಟಿನ ಗೋಪುರ ಎಲ್ಲ ಲಿಫ್ಟಿನಲ್ಲಿ ಇಳಿದವು. ಸಾಗವಾನಿ ಪೆಟ್ಟಿಗೆಗೆ ಅವನು ಕೈ ಹಾಕಿದಾಗ ಇಂದುಮತಿ, “ಅದನ್ನ ಮುಟ್ಟಬ್ಯಾಡ!” ಎಂದು ಗದರಿದ ರಭಸಕ್ಕೆ, ಕನ್ನಡ ಬಾರದ ಆತ ಎರಡು ಹೆಜ್ಜೆ ಹಿಂದೆ ಸರಿದ. ಪೆಟ್ಟಿಗೆ ಮೇಜಿನ ಮೇಲೆಯೇ ಉಳಿಯಿತು. ಈಗ ಅದರ ಮೇಲೆ ಇಂದುಮತಿಯವರು ಬೆಸುಗೆಯ ಕಬ್ಬಿಣ ಇಡುತ್ತಾರೆ.

ಸಂಜೆ ಬಿ ವಿಂಗಿನ ಹೆಂಗಸರೆಲ್ಲ ಬಾಲ್ಕನಿಯಲ್ಲಿ ಸೇರಿದರು. ಸೂರತ್ತಿನ ಕೆಲಸಕ್ಕೆ ಇವತ್ತೇ ಕೈ ಹಚ್ಚಬೇಕಂತೆ. ರಾಯರೂ ಒಂದು ಸ್ಟೂಲು ಎಳೆದುಕೊಂಡು ಕೂಡಲು ಹೋದರು. ಜಾಗವಿರಲಿಲ್ಲ.

“ನೀವೊಂದಿಷ್ಟು ಒಳಗ ನಡೀರಿ,” ಎಂದರು ಇಂದುಮತಿ. “ಎಲ್ಲಾರಿಗೂ ಚಹಾಕ್ಕ ಇಡ್ರಿ. ನಿಮ್ಮ ಡಬ್ಬಿ ಮಾತು ಕೇಳಿ ಒಲಿ ಆರಿಸಿದ್ದೆ, ಆ ಬ್ಯಾಳಿ ಹಂಗs ಕೂತದ, ಮತ್ತ ಒಲಿ ಹಚ್ಚಿ ಸೀಟಿ ನೋಡ್ರಿ.”

“ನೋಡ್ಲಿಕ್ಕೆ ಒಂದು ಗುಲಾಬಿ ಡಬ್ಬಿ ಕೊಡು.”

“ಇದ್ದದ್ದೆಲ್ಲಾ ವೈನಿ ಚೀಲಕ್ಕ ಹಾಕೀನಿ. ಬೆರಳಿಲ್ಲೇನು ನಿಮಗ? ಎಣಿಸ್ರಿ.”

ರಾಯರು ಅಡಿಗೆಮನೆಗೆ ಬಂದು, ಚಹಾದ ಪಾತ್ರೆ ಒಂದು ಒಲೆಗೆ, ಕುಕ್ಕರು ಇನ್ನೊಂದು ಒಲೆಗೆ ಇಟ್ಟು ನಿಂತರು. ಬಾಲ್ಕನಿಯಿಂದ ಹೆಂಡತಿಯ ಧ್ವನಿ ಕೇಳುತ್ತಿತ್ತು, ಹಿಂದಿಯಲ್ಲಿ: “ಸಾವಿರದ ಒಂಬೈನೂರ ಎಪ್ಪತ್ತೈದು. ಕ್ಯಾಲಿಫೋರ್ನಿಯಾದಲ್ಲಿ ಒಂದು ಗ್ಯಾರೇಜು…” ಒಬ್ಬರೂ ಎದ್ದು ಹೋಗಲಿಲ್ಲ. ಒಬ್ಬಾಕೆ, “ಆಮೇಲೆ ಏನಾಯಿತು, ಇಂದುಬೆನ್?” ಎಂದು ಕೇಳಿದ್ದೂ ಕೇಳಿಸಿತು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ರಾಯರಿಗೆ ಯಾರೂ ಕೇಳಿರಲಿಲ್ಲ. ಉತ್ತರವನ್ನಾದರೂ ಸರಿಯಾಗಿ ಹೇಳುತ್ತಾಳೋ ಎಂದು ರಾಯರು ಕಿವಿಗೊಟ್ಟು ಕೇಳುತ್ತ ನಿಂತರು. ಇಂದುಮತಿ ಇಟಲಿಯ ಮೇಷ್ಟ್ರುಗಳ ತನಕ ಬಂದಿದ್ದರು. ತಮಗಿಂತ ಚೆನ್ನಾಗಿ ಹೇಳುತ್ತಿದ್ದಾಳೆ ಅನ್ನಿಸಿತು.

ಕುಕ್ಕರು ಸೀಟಿ ಹೊಡೆಯಿತು. ರಾಯರು ಬೆಚ್ಚಿಬಿದ್ದರು. ಇದು ಎರಡನೆಯದೋ? ಮೂರನೆಯದೋ? ಅಥವಾ ಮೇಲಿನ ಮನೆಯದೋ? ಮೂಗಿಗೆ ಸಣ್ಣಗೆ, ಎಲ್ಲೋ ಪರಿಚಯವಿದ್ದ ವಾಸನೆಯೊಂದು ಬಡಿಯತೊಡಗಿತ್ತು. ಗಾಬರಿಯಲ್ಲಿ ಏನು ಮಾಡಬೇಕೆಂದು ತೋಚದೆ ರಾಯರು ಗಂಟಲು ಹರಿಯುವ ಹಾಗೆ ಕೂಗಿದರು:

“ಇಂದೂ! ಮೂರು ಸೀಟಿ ಆತು!”

ಬಾಲ್ಕನಿಯಲ್ಲಿದ್ದ ಯಾರೂ ತಲೆಯೆತ್ತಲಿಲ್ಲ. ಯಾವುದೋ ಡಬ್ಬಿ ಪರೀಕ್ಷೆಗೆ ಕೂಗಿರಬೇಕೆಂದು ಎಲ್ಲರೂ ಕೆಲಸ ಮುಂದುವರಿಸಿದರು.